ರಾಟರ್‌ಡ್ಯಾಮ್‌ನ ಶನಿವಾರಗಳು



ಪರದೇಶದ ಬದುಕಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮೇಷ್ಟ್ರ ಅಪ್ಪಣೆ. ನಾನು, ನನ್ನ ಹೆಂಡತಿ, ಮಗಳು ನಾಲ್ಕು ವರ್ಷ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿದ್ದೆವು. ವಾರವೆಲ್ಲ ಆಫೀಸು, ಶಿಶುವಿಹಾರ, ಅಡುಗೆ. ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲು. ಅಜ್ಜಿ ತಾತ ಇಲ್ಲದ ಮನೆಯಲ್ಲಿ ಮಗಳ ಬಾಯಿಂದ ಕನ್ನಡ ಮೆಲ್ಲಗೆ ಜಾರುತ್ತಿತ್ತು. ಹಾಗಾಗಿ ಶನಿವಾರ ಬಂತೆಂದರೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಸೈಕಲ್ ಹತ್ತುತ್ತಿದ್ದೆವು. ದಾರಿಯುದ್ದಕ್ಕೂ ಕನ್ನಡದಲ್ಲೇ ಮಾತು.

ಹೆಚ್ಚು ಸಲ ಹೋದದ್ದು ಹತ್ತಿರದ ಕಿಂಡರ್‌ಡೈಕ್‌ಗೆ. ಅಲ್ಲಿ 19 ಗಾಳಿಯಂತ್ರಗಳಿವೆ. ಹೆಚ್ಚಿನವು 1740ರ ಸುಮಾರಿನವು. ಹಿಟ್ಟು ಬೀಸುವುದಕ್ಕಲ್ಲ, ತಗ್ಗು ಹೊಲಗಳ ನೀರನ್ನು ಮೇಲೆತ್ತಿ ನದಿಯ ಕಡೆಗೆ ಸಾಗಿಸಲು ಕಟ್ಟಿದವು. ಆ ದೇಶದ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನೀರು ನೋಡಿಕೊಳ್ಳುವ ಮಂಡಳಿಗಳಿಗೆ ಜನರೇ ನಾಲ್ಕು ವರ್ಷಕ್ಕೊಮ್ಮೆ ವೋಟು ಹಾಕುತ್ತಾರೆ.

“ನಮ್ಮೂರಲ್ಲಿ ನೀರು ನೋಡ್ಕೊಳ್ಳೋರು ಯಾರಪ್ಪಾ?” ಎಂದಳು ಮಗಳು. ನಮ್ಮ ತಾತ ನೀರುಗಂಟಿಯಾಗಿದ್ದರು, ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದರು ಎಂದೆ. ತೂಬು, ಕೋಡಿ, ಕಾಲುವೆ, ಏರಿ – ಈ ಮಾತುಗಳನ್ನೆಲ್ಲ ಅವಳು ಕಲಿತದ್ದು ಅಲ್ಲಿಯೇ.

ನಿನ್ನೆ ಅವಳಿಗೆ ನಮ್ಮ ಕೆರೆ ತೋರಿಸಿದೆ. ತೂಬಿಗೆ ಹೂಳು ತುಂಬಿದೆ, ಏರಿಯ ಮೇಲೆ ಜಾಲಿ ಬೆಳೆದಿದೆ. ನನ್ನದೊಂದು ಕೋರಿಕೆ: ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ಯೋಣ. ತೂಬು ಎತ್ತಿ ಗೊತ್ತಿರುವ ಹಿರಿಯರು ಜೊತೆಗೆ ಬಂದು ಹೇಳಿಕೊಡಲಿ. ಹೂಳೆತ್ತಲು ಊರು ಕೈಹಾಕಿದರೆ ಮೊದಲ ಪಾಲು ನನ್ನದು.