ಪರದೆಯ ಮೇಲಿನ ಗದ್ಯಭಾಗ: ಓದಿಸುವ ಬಗೆ



ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕಾಗಿ 2022ರಿಂದ ನಡೆಯುತ್ತಿರುವ ಸಿಯುಇಟಿ ಪರೀಕ್ಷೆಯ 13 ಭಾಷೆಗಳಲ್ಲಿ ಕನ್ನಡವೂ ಒಂದು. ಅಂತಹ ವಿಶ್ವವಿದ್ಯಾಲಯವೊಂದು ಕಾಸರಗೋಡಿನ ಪೆರಿಯದಲ್ಲಿಯೇ ಇದೆ. ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ತನ್ನ ನುಡಿಯೇ ಅಂಕವಾಗಿ ಒದಗುವ ಅಪರೂಪದ ಅವಕಾಶವಿದು. ಕನ್ನಡ ಬಲ್ಲ ಮಗು ಪರದೆಯ ಅಭ್ಯಾಸವಿಲ್ಲದೆ ಎಡವಿದರೆ ಆ ಅವಕಾಶ ಕೈತಪ್ಪುತ್ತದೆ.

2025ರ ಸ್ವರೂಪದಂತೆ ಪ್ರತಿ ಪತ್ರಿಕೆಯೂ ಗಣಕಯಂತ್ರದ ಮೇಲೆಯೇ. 60 ನಿಮಿಷ, 50 ಪ್ರಶ್ನೆಗಳು. ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕದ ಕಡಿತ. ಪ್ರಶ್ನೆಯೊಂದಕ್ಕೆ ದೊರೆಯುವುದು ಸರಾಸರಿ 72 ಸೆಕೆಂಡು. ಗದ್ಯಭಾಗವನ್ನು ಓದುವ ಹೊತ್ತೂ ಅದರೊಳಗೇ ಸೇರಿದೆ.

ಕಾಗದದ ಮೇಲೆ ಬೆರಳಿಟ್ಟು, ಗೆರೆಯೆಳೆದು ಓದುವುದು ಮಕ್ಕಳ ರೂಢಿ. ಪರದೆಯ ಮೇಲೆ ಗೆರೆಯೆಳೆಯುವಂತಿಲ್ಲ. ದೀರ್ಘ ಗದ್ಯವನ್ನು ಮೇಲೆ ಕೆಳಗೆ ಸರಿಸುವಾಗ ಕಣ್ಣು ಸಾಲು ತಪ್ಪುತ್ತದೆ. ಆದುದರಿಂದ ಮೂರು ಅಭ್ಯಾಸಗಳನ್ನು ಬೆಳೆಸಬೇಕು. ಮೊದಲು ಪ್ರಶ್ನೆಗಳನ್ನು ಮಾತ್ರ ಓದಿ, ಆಯ್ಕೆಗಳನ್ನು ಬಿಟ್ಟು ಗದ್ಯಕ್ಕೆ ಬರುವುದು. ಎರಡನೆಯದು, ಪ್ರತಿ ಪರಿಚ್ಛೇದದ ಸಾರವನ್ನು ಕಚ್ಚಾ ಹಾಳೆಯಲ್ಲಿ ಎರಡು ಪದಗಳಲ್ಲಿ ಬರೆದುಕೊಳ್ಳುವುದು. ಮೂರನೆಯದು, ‘ಆದರೆ’, ‘ಆದಾಗ್ಯೂ’, ‘ಹೊರತು’ ಎಂಬ ಪದಗಳ ಬಳಿ ನಿಲ್ಲುವುದು.

ಒಂದು ನಿದರ್ಶನ: “ಕೆರೆ ತುಂಬಿದ್ದರಿಂದ ಊರು ಉಳಿಯಿತೆಂಬುದು ಜನರ ನಂಬಿಕೆ. ಆದರೆ ಊರನ್ನು ಉಳಿಸಿದ್ದು ವರ್ಷವರ್ಷವೂ ಕೋಡಿಯನ್ನು ದುರಸ್ತಿಗೊಳಿಸಿದ ಕೈಗಳು.” ಲೇಖಕರ ಅಭಿಪ್ರಾಯದಲ್ಲಿ ಊರು ಉಳಿದದ್ದೇಕೆ ಎಂದು ಕೇಳಿದರೆ, ಅವಸರದ ಮಗು ‘ಕೆರೆ ತುಂಬಿದ್ದರಿಂದ’ ಎಂಬ ಆಯ್ಕೆಯನ್ನು ಒತ್ತುತ್ತದೆ, ಆ ಪದಗಳು ಗದ್ಯದಲ್ಲಿ ಹಾಗೆಯೇ ಇವೆಯಲ್ಲ! ಅದು ಜನರ ನಂಬಿಕೆ, ಲೇಖಕರ ಮಾತಲ್ಲ. ಉತ್ತರವಿರುವುದು ‘ಆದರೆ’ಯ ಆಚೆಗೆ. ಪ್ರತಿ ಉತ್ತರಕ್ಕೂ ಆಧಾರವಾದ ವಾಕ್ಯವನ್ನು ತೋರಿಸುವಂತೆ ತರಗತಿಯಲ್ಲಿ ಕೇಳುತ್ತಿದ್ದರೆ ಈ ತಪ್ಪು ತಾನಾಗಿ ಕಡಿಮೆಯಾಗುತ್ತದೆ.

ಪರದೆಯ ಗುಂಡಿಗಳ ಪರಿಚಯವೂ ಪಾಠದ ಭಾಗವೇ. ಸಂದೇಹವಿದ್ದ ಪ್ರಶ್ನೆಗೆ ಮರುಪರಿಶೀಲನೆಯ ಗುರುತಿಟ್ಟು ಮುಂದುವರಿಯಬಹುದು. ಉತ್ತರವನ್ನು ಆಯ್ದು ಉಳಿಸದೆ ಗುರುತನ್ನಷ್ಟೇ ಇಟ್ಟರೆ ಅಂಕ ದೊರೆಯದು. ಎರಡು ಆಯ್ಕೆಗಳನ್ನು ಕಾರಣಸಹಿತ ತಳ್ಳಿಹಾಕಿದ ಬಳಿಕ ಉಳಿದೆರಡರಲ್ಲಿ ಒಂದನ್ನು ಆರಿಸುವುದು ಲಾಭಕರವೇ.

ಗಣಕಯಂತ್ರವಿಲ್ಲದ ಶಾಲೆಗಳೂ ಕೈಕಟ್ಟಿ ಕೂರಬೇಕಿಲ್ಲ. ಹತ್ತು ಸಾಲುಗಳಷ್ಟು ಕಿಟಕಿ ಕೊರೆದ ರಟ್ಟನ್ನು ಪಠ್ಯಪುಸ್ತಕದ ಪುಟದ ಮೇಲೆ ಸರಿಸುತ್ತ, ಪೆನ್ಸಿಲ್ ಮುಟ್ಟದೆ, ಗಡಿಯಾರ ನೋಡಿ ಓದಿಸಬಹುದು. ವಾರಕ್ಕೊಂದು ಅವಧಿಯನ್ನು ಇದಕ್ಕೆ ಮೀಸಲಿಟ್ಟರೆ, ಪರೀಕ್ಷೆಯ ದಿನ ಮಗುವಿಗೆ ಯಂತ್ರ ಹೊಸದೆನಿಸಿದರೂ ಓದು ಹೊಸದೆನಿಸದು.