ಮಾರಾಟಕ್ಕಿಟ್ಟ ಮನೆಯ ಗೋಡೆಗಳು

ಮನೆ ಮಾರುವ ಜಾಹೀರಾತನ್ನು ಸಾಹಿತ್ಯದ ಒಂದು ಪ್ರಕಾರವೆಂದು ಯಾವ ಮೀಮಾಂಸಕನೂ ಒಪ್ಪಿಲ್ಲ. ಆದರೂ ಅದಕ್ಕೊಂದು ಪರಂಪರೆಯುಂಟು. ನಮ್ಮ ಶಾಸನಗಳಲ್ಲಿ ಭೂಮಿಯನ್ನು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಭೋಗಗಳನ್ನು ಹೆಸರಿಸುತ್ತಿದ್ದರು. ನೆಲದೊಳಗೆ ಕಾಣದೆ ಬಿದ್ದಿರುವುದಕ್ಕೂ, ಮುಂದೆಂದೋ ಒದಗಬಹುದಾದುದಕ್ಕೂ ಅಲ್ಲಿ ಹೆಸರಿತ್ತು. ಆಮೇಲಿನ ಖರೀದಿ ಪತ್ರಗಳು ನಾಲ್ಕು ದಿಕ್ಕಿನ ಚಕ್ಕುಬಂದಿಯಲ್ಲಿ ತೃಪ್ತಿಪಟ್ಟವು. ಇಂದಿನ ಜಾಹೀರಾತು ಇನ್ನೂ ಮಿತಭಾಷಿ: ‘ಮೂವತ್ತು–ನಲವತ್ತು, ಪೂರ್ವಾಭಿಮುಖ, ಬೋರ್‌ವೆಲ್ ಇದೆ, ಕಾರು ನಿಲ್ಲಿಸಲು ಜಾಗವಿದೆ.’ ಮನೆ ಹಳೆಯದಾಗಿದ್ದರೆ ಮತ್ತೊಂದು ಮಾತು ಕೂಡಿಕೊಳ್ಳುತ್ತದೆ: ‘ಕೆಡವಿ ಕಟ್ಟಲು ಅನುಕೂಲ.’

ಆದರೆ ಈಗ ಮಾತಿನ ಜೊತೆಗೆ ಚಿತ್ರವೂ ಬರುತ್ತದೆ. ಲೋಕಾಪುರ, ಮುಧೋಳ, ಕಲಾದಗಿಯ ಕಡೆಯ ಇಂಥ ಜಾಹೀರಾತುಗಳು ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತ ನನ್ನವರೆಗೂ ಬರುತ್ತವೆ. ಮನೆ ಕೊಳ್ಳುವ ವಯಸ್ಸು ನನ್ನದಲ್ಲ. ಓದುವ ಚಟ ಮಾತ್ರ ಬಿಟ್ಟಿಲ್ಲ. ದಲಾಲರು ಪಡಸಾಲೆಯ ಉದ್ದಗಲ ತೋರಿಸಲೆಂದು ಚಿತ್ರ ತೆಗೆದಿರುತ್ತಾರೆ. ಆದರೆ ಗೋಡೆ ಸುಮ್ಮನಿರುವುದಿಲ್ಲ. ಅದರ ಮೇಲೆ, ಮೇಲ್ತುದಿ ಮುಂದಕ್ಕೆ ಬಾಗಿ, ಕೆಳಗೆ ಚಾಪೆಯ ಮೇಲೆ ಕುಳಿತವರನ್ನು ನೋಡುತ್ತಿರುವಂತೆ ತೂಗುಹಾಕಿದ ಪಟಗಳ ಸಾಲು. ಅದರಲ್ಲಿ ರವಿವರ್ಮನ ಲಕ್ಷ್ಮಿ. ಪಕ್ಕದಲ್ಲಿ ಮನೆಯ ಹೆಣ್ಣುಮಗಳು ಮದುವೆಗೆ ಮುಂಚೆ ಮಣಿ ಪೋಣಿಸಿ ಮಾಡಿದ ಎರಡು ಗಿಳಿ, ನಡುವೆ ‘ಸುಸ್ವಾಗತ’. ಅದರ ಕೆಳಗೆ ನಿಂತುಹೋದ ಗಡಿಯಾರ. ಎದುರಿಗೆ ಸನ್‌ಮೈಕಾ ಹಚ್ಚಿದ ಷೋಕೇಸು. ಒಳಗೆ ಸಕ್ಕರೆಗೊಂಬೆಯಂಥ ಪ್ಲಾಸ್ಟಿಕ್ ಗೊಂಬೆ, ಯಾರೋ ಯಾವುದೋ ಪಂದ್ಯದಲ್ಲಿ ಗೆದ್ದ ಲೋಟ. ಕಂಬಕ್ಕೆ ಕಪ್ಪು ಬೇಕಲೈಟಿನ ಸ್ವಿಚ್ಚು, ತೊಲೆಯುದ್ದಕ್ಕೂ ಮರದ ಪಟ್ಟಿಯ ಮೇಲೆ ಹಾಯ್ದುಹೋದ ತಂತಿ.

ಇದರಲ್ಲೇನು ಚೆಲುವು ಎಂದು ಮನೆಯವರು ಕೇಳಿಯಾರು. ಚೆಲುವು ಯಾವ ಒಂದು ವಸ್ತುವಿನಲ್ಲೂ ಇಲ್ಲವೆಂದು ನನ್ನ ಉತ್ತರ. ಮೂರು ತಲೆಮಾರುಗಳು, ಒಂದು ಮತ್ತೊಂದನ್ನು ಕೇಳದೆ, ಒಂದೇ ಗೋಡೆಯನ್ನು ಬಳಸಿಕೊಂಡ ರೀತಿಯಲ್ಲಿ ಅದು ಇದೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ. ಅದು ಆಮೇಲೆ ಲೋಣಾವಳದ ಹತ್ತಿರದ ಮಳವಳಿಗೆ ಹೋಯಿತು, ಷ್ಲೈಷರ್ ಎಂಬ ಜರ್ಮನ್ ತಂತ್ರಜ್ಞನ ಕೈಗೆ ಬಂತು. ಅರಮನೆಯ ತೈಲಚಿತ್ರದಲ್ಲಿ ನಿಂತಿದ್ದ ಲಕ್ಷ್ಮಿ, ಅಚ್ಚಿನ ಪಟವಾಗಿ ಅರಳೆಯ ಅಡತಿ ಅಂಗಡಿಗೂ ಒಕ್ಕಲಿಗನ ನಡುಮನೆಗೂ ಬಂದಳು. ಜಪಾನಿನಿಂದ ಹಡಗಿನಲ್ಲಿ ಬಂದ, ಹೂವು ನವಿಲುಗಳ ಪಿಂಗಾಣಿ ಬಿಲ್ಲೆಗಳು ದೇವರ ಜಗಲಿಗೆ ಹತ್ತಿದವು. ಸ್ವಾತಂತ್ರ್ಯ ಬಂದಾಗ ಮಾಳಿಗೆಯ ಮುಂಗೋಡೆಯ ಮೇಲೆ ಸಿಮೆಂಟಿನಲ್ಲಿ ಎರಡು ಸಿಂಹ ಮೂಡಿದವು, ನಡುವೆ ‘ಜೈ ಹಿಂದ್’ ಮತ್ತು ಇಸವಿ. ಸಿಂಹವನ್ನು ಕಂಡರಿಯದ ಗೌಂಡಿ ಮಾಡಿದ ಸಿಂಹ ತುಸು ನಾಯಿಯಂತೆ ಕಾಣುವುದುಂಟು. ಮುಧೋಳದ ಸೀಮೆಯಲ್ಲಿ ಅದೇನೂ ಅಪಮಾನವಲ್ಲ.

ಜಪಾನಿನ ಲೇಖಕ ತಾನಿಜಾಕಿ 1933ರಲ್ಲಿ ಬರೆದ ನೆರಳಿನ ಕುರಿತ ಪ್ರಬಂಧವನ್ನು ಮನೆ ಕಟ್ಟುವವನ ಒಂದು ಸಂಕಟದಿಂದಲೇ ಆರಂಭಿಸುತ್ತಾನೆ: ಹಳೆಯ ಮಾದರಿಯ ಮನೆಯಲ್ಲಿ ವಿದ್ಯುತ್ತಿನ ತಂತಿಯನ್ನೂ ಅನಿಲದ ಕೊಳವೆಯನ್ನೂ ಎಲ್ಲಿ ಅಡಗಿಸುವುದು? ನಮ್ಮವರಿಗೆ ಆ ಸಂಕಟ ಬರಲೇ ಇಲ್ಲ. ಕೆತ್ತಿದ ಬೋದಿಗೆಯ ಮೇಲೆಯೇ ಮೊಳೆ ಹೊಡೆದು ತಂತಿ ಎಳೆದರು. ಸೌಂದರ್ಯಪ್ರಜ್ಞೆಯಿಲ್ಲದವರೆಂದು ಬೈಯಬಹುದು. ನನಗೆ ಮಾತ್ರ ಅಡಗಿಸಿದ ತಂತಿಗಿಂತ ಆ ಮೊಳೆಯೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಮನೆ ಅವರ ಪಾಲಿಗೆ ಪ್ರದರ್ಶನದ ವಸ್ತುವಾಗಿರಲಿಲ್ಲ.

ಪಟಗಳ ಹಿಂದಿರುವ ಗೋಡೆಯನ್ನೂ ನೋಡಬೇಕು. ಕಲಾದಗಿ ಶಿಲಾಸಮೂಹದ ಒಂದು ಉಪವರ್ಗಕ್ಕೆ ಭೂವಿಜ್ಞಾನಿಗಳು ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ; ಅಷ್ಟು ಕಲ್ಲಿನ ಸೀಮೆ ಇದು. ಕಲ್ಲು ಮಣ್ಣಿನ ಆ ಗೋಡೆ ಮೊಳಗಟ್ಟಲೆ ದಪ್ಪ. ಆ ದಪ್ಪದೊಳಗೆ ದೀಪಕ್ಕೊಂದು ಮಾಡ, ಪಂಚಾಂಗಕ್ಕೊಂದು ಮಾಡ. ಮೇಲೆ ನಾಗೊಂದಿಗೆ, ಅದರ ಮೇಲೆ ಹಿತ್ತಾಳೆಯ ಕೊಡಗಳ ಸಾಲು. ಮಾಳಿಗೆಯಲ್ಲಿ ಬೆಳಕಿಂಡಿ. ಮನೆಯ ಅಳತೆ ಚದರಡಿಯಲ್ಲಿ ಅಲ್ಲ, ಅಂಕಣದಲ್ಲಿ: ಕಂಬದಿಂದ ಕಂಬಕ್ಕೆ ಒಂದು ಅಂಕಣ. ಎಂಟಂಕಣದ ಮನೆ ಎಂದರೆ ಎಷ್ಟು ಕಂಬ, ಎಷ್ಟು ತೊಲೆ, ಸುಗ್ಗಿಯಲ್ಲಿ ಎಷ್ಟು ಚೀಲ, ಹಬ್ಬಕ್ಕೆ ಎಷ್ಟು ಪಂಕ್ತಿ ಎಂದು ಕೇಳಿದವನಿಗೆ ಅಂದಾಜು ಸಿಗುತ್ತಿತ್ತು. ಜಾಹೀರಾತಿನಲ್ಲಿ ಈ ಪದ ಈಗ ಕಾಣುವುದಿಲ್ಲ.

ಇಲ್ಲೊಂದು ವಿಚಿತ್ರವಿದೆ. ಊರಿನಲ್ಲಿ ಈ ಎಲ್ಲಕ್ಕೂ ಬೆಲೆ ಸೊನ್ನೆ. ದರ ನಿಂತಿರುವುದು ಜಾಗದ ಮೇಲೆ. ಅದೇ ಸಾಗುವಾನಿ ಕಂಬ ಲಾರಿ ಹತ್ತಿ ದೊಡ್ಡ ಊರು ಸೇರಿದ ಮೇಲೆ ಊಟದ ಹೋಟೆಲಿನ ಬಾಗಿಲಲ್ಲಿ ಘನತೆಯಿಂದ ನಿಲ್ಲುತ್ತದೆ. ತಮಿಳುನಾಡಿನ ಕಾರೈಕ್ಕುಡಿಯಲ್ಲಿ ಚೆಟ್ಟಿಯಾರರ ಮನೆಗಳಿಂದ ಹೊರಬಂದ ಬಾಗಿಲು, ಪಟ, ತಟ್ಟೆಗಳನ್ನು ಮಾರುವ ಅಂಗಡಿಗಳ ಬೀದಿಯೇ ಇದೆ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದಾಚೆ ಸಾಗಿಸಬಾರದೆಂದು 1972ರ ಕಾನೂನು ಹೇಳುತ್ತದೆ. ಲೋಕಾಪುರದಿಂದಾಚೆ ಸಾಗಿಸಬಾರದೆಂದು ಯಾವ ಕಾನೂನೂ ಹೇಳಲಾರದು.

ಎತ್ತಿ ಒಯ್ದವರೆಲ್ಲ ವ್ಯಾಪಾರಿಗಳೂ ಅಲ್ಲ. ಮುಧೋಳದ ಅರಮನೆಯ ದರ್ಬಾರು ಮಂಟಪವನ್ನು ನೋಡಬೇಕಾದರೆ ಇಂದು ಮಣಿಪಾಲಕ್ಕೆ ಹೋಗಬೇಕು. ಬ್ಯಾಂಕಿನ ನೌಕರರಾಗಿದ್ದ ವಿಜಯನಾಥ ಶೆಣೈ ಅವರು, ಕೆಡವಲು ಹೊರಟ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಕುಕನೂರಿನ ಕಮಲ ಮಹಲೂ ಅಲ್ಲಿದೆ. 2017ರಲ್ಲಿ ಅವರು ತೀರಿಕೊಂಡರು. ಅವರಿಲ್ಲದಿದ್ದರೆ ಆ ಕಂಬಗಳು ಒಲೆಗೆ ಹೋಗುತ್ತಿದ್ದವೋ ಏನೋ. ಅದಕ್ಕಾಗಿ ನಾನು ಕೃತಜ್ಞ. ಆದರೂ ಘಟಪ್ರಭೆಯ ದಂಡೆಯ ಬಿಸಿಲಿಗೆಂದು ಹಾಕಿದ ಲೆಕ್ಕದ ನೆರಳು ಕರಾವಳಿಯ ಮಳೆಯಲ್ಲಿ ನಿಂತಿದೆ ಎಂಬುದು ಮನಸ್ಸಿನಿಂದ ಹೋಗುವುದಿಲ್ಲ. ಅರಮನೆಗೆ ಒಬ್ಬ ಶೆಣೈಯವರು ಸಿಕ್ಕರು. ಮಣಿಯ ಗಿಳಿಗೆ ಯಾರು ಸಿಗಬೇಕು? ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಹಳೆಯ ಪೇಟೆಗೆ ಬಂದಾಗ ಜನ ತೊಲೆ, ಬಾಗಿಲುಗಳನ್ನು ಬಿಚ್ಚಿಕೊಂಡು ನವನಗರಕ್ಕೆ ಹೋದರು. ಮಾಡವನ್ನು ಹೇಗೆ ಬಿಚ್ಚುವುದು? ಅದು ಗೋಡೆಯೊಳಗಿನ ಖಾಲಿ ಜಾಗ. ಗೋಡೆ ಹೋದರೆ ಅದರ ಹೆಸರಷ್ಟೇ ಉಳಿಯುತ್ತದೆ, ಅದೂ ಆಡುವವರಿರುವ ತನಕ.

ಹಾಗೆಂದು ಮಾರಬೇಡಿರೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆಯ ಸೋರಿಕೆಗೆ ಪಾತ್ರೆ ಇಟ್ಟವರು, ಹೊಗೆ ತುಂಬಿದ ಕತ್ತಲಿನ ಅಡುಗೆಮನೆಯಲ್ಲಿ ಕಣ್ಣು ಕೆಡಿಸಿಕೊಂಡ ತಾಯಂದಿರು, ಚೇಳಿಗೆ ಹೆದರಿ ಕಂದೀಲು ಹಿಡಿದು ನಡೆದ ಮಕ್ಕಳು ಹೊಸ ಮನೆ ಬಯಸಿದರೆ ತಪ್ಪೇನು? ಹಳೆಯದರ ಮೋಹ ಹೆಚ್ಚಾಗಿ ಅಲ್ಲಿ ವಾಸಿಸದವರಿಗೆ ಹತ್ತುವ ರೋಗ. ನಾಲ್ಕು ಮಂದಿ ಅಣ್ಣತಮ್ಮಂದಿರು ನಾಲ್ಕು ಊರಿನಲ್ಲಿರುವಾಗ ಪಾಲು ಮಾಡಿಕೊಳ್ಳಲು ಬರುವುದು ಹಣವನ್ನೇ ಹೊರತು ಬೆಳಕಿಂಡಿಯನ್ನಲ್ಲ.

ನನ್ನ ಕೋರಿಕೆ ಚಿಕ್ಕದು. ಚಿತ್ರ ತೆಗೆಯುವ ಮೊದಲು ಪಟಗಳನ್ನು ಇಳಿಸಿ ಗೋಡೆಗೆ ಸುಣ್ಣ ಬಳಿಯಬೇಡಿ. ಮನೆಯ ಹಿರಿಯಳೊಬ್ಬಳು ಇನ್ನೂ ಇದ್ದರೆ ಯಾವುದಕ್ಕೆ ಏನೆನ್ನುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಜಾಹೀರಾತಿನಲ್ಲಿಯೂ, ಅಕ್ಷರಕ್ಕಿಷ್ಟು ಎಂದು ದುಡ್ಡು ತೆರುವ ಕಾಲ ಹೋಗಿರುವುದರಿಂದ, ನಾಲ್ಕು ಮಾತು ಹೆಚ್ಚಿಗೆ ಬರೆಯಬಹುದು: ‘ಲೋಕಾಪುರದಲ್ಲಿ ಎಂಟಂಕಣದ ಮನೆ ಮಾರುವುದಿದೆ. ಸಾಗುವಾನಿ ಕಂಬ. ಐದು ಮಾಡಗಳು, ಒಂದರಲ್ಲಿ ದೀಪದ ಮಸಿ ಇದೆ. ಮುಂಗೋಡೆಯ ಮೇಲೆ ಎರಡು ಸಿಂಹ. ಗಡಿಯಾರ ನಿಂತಿದೆ. ಗಿಳಿಗಳನ್ನು ಅಕ್ಕ ಒಯ್ಯುವವಳಿದ್ದಾಳೆ, ಉಳಿದದ್ದೆಲ್ಲ ಮನೆಯೊಂದಿಗೆ.’