ಹಿತ್ತಲ ಗಿಡ ಮತ್ತು ಬುಡೋಕಾನ್



ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮಲ್ಲೊಂದು ಗಾದೆ ಇದೆಯಲ್ಲ, ಅದು ನಮಗೆ ಮಾತ್ರ ಅಂಟಿದ ಕಾಯಿಲೆ ಅಂದ್ಕೊಂಡಿದ್ದೆ. ಅಲ್ಲ ಕಣ್ರೀ. ಅಮೆರಿಕಕ್ಕೂ ಇದೆ, ಜಪಾನಿಗೂ ಇದೆ. ಇವತ್ತು ರಾಜಕೀಯಕ್ಕೆ ಒಂದು ದಿನ ರಜೆ ಕೊಟ್ಟು ಆ ಕಥೆ ಹೇಳ್ತೀನಿ. ರಾಕ್ ಸಂಗೀತ ಅಂದ್ರೆ ಬರೀ ಗಲಾಟೆ ಅನ್ನೋರೂ ಸ್ವಲ್ಪ ಕೂತ್ಕೊಳ್ಳಿ. ಇದು ಸಂಗೀತಕ್ಕಿಂತ ಹೆಚ್ಚಾಗಿ ಮನುಷ್ಯರ ಕಥೆ.

1978ರ ಏಪ್ರಿಲ್. ಅಮೆರಿಕದ ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಎಂಬ ಊರಿನ ನಾಲ್ಕು ಜನ ಜಪಾನಿಗೆ ಬಂದಿಳಿದರು. ತಂಡದ ಹೆಸರು ಚೀಪ್ ಟ್ರಿಕ್. ಹಿಂದಿನ ವರ್ಷ ಎರಡು ಆಲ್ಬಂ ತಂದಿದ್ದರು. ವಿಮರ್ಶಕರು ಮೆಚ್ಚಿದ್ದರು, ಜನ ಕೊಂಡಿರಲಿಲ್ಲ. ಕಿಸ್‌ನಂಥ ದೊಡ್ಡ ತಂಡದವರು ವೇದಿಕೆಗೆ ಬರುವ ಮೊದಲು ಒಂದಷ್ಟು ಹೊತ್ತು ಬಾರಿಸಿ ಇಳಿದು ಹೋಗೋದು, ಅದು ಇವರ ಪಾಡು. ನಮ್ಮಲ್ಲಿ ಮುಖ್ಯ ಅತಿಥಿ ಬರೋವರೆಗೂ ಮೈಕ್ ಹಿಡಿದು ಹಾಡ್ತಾರಲ್ಲ, ಹಾಗೆ.

ಅಂಥವರು ಜಪಾನಿನಲ್ಲಿ ಇಳಿದರೆ, ವಿಮಾನ ನಿಲ್ದಾಣದಲ್ಲಿ ಹುಡುಗಿಯರ ಜಾತ್ರೆ! ಅಲ್ಲಿನ ಸಂಗೀತ ಪತ್ರಿಕೆಗಳು ಇವರ ಫೋಟೋ ಹಾಕಿ ಹಾಕಿ, ತವರಿನಲ್ಲಿ ಯಾರೂ ತಿರುಗಿ ನೋಡದ ನಾಲ್ವರನ್ನು ತಾರೆಯರನ್ನಾಗಿ ಮಾಡಿಬಿಟ್ಟಿದ್ದವು. ಟೋಕಿಯೋದಲ್ಲಿ ಅವರು ಹಾಡಿದ್ದು ನಿಪ್ಪಾನ್ ಬುಡೋಕಾನ್‌ನಲ್ಲಿ.

ಈ ಬುಡೋಕಾನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಸಂಗೀತಕ್ಕೆ ಕಟ್ಟಿದ ಜಾಗವೇ ಅಲ್ಲ. 1964ರ ಟೋಕಿಯೋ ಒಲಿಂಪಿಕ್ಸ್‌ನ ಜೂಡೋ ಪಂದ್ಯಗಳಿಗೆಂದು ಕಟ್ಟಿದ ಗರಡಿಮನೆ ಅದು. ಚಕ್ರವರ್ತಿಯ ಅರಮನೆಯ ಪಕ್ಕದಲ್ಲೇ ಇದೆ. ಎಂಟು ಮೂಲೆಯ ಕಟ್ಟಡ, ನಾರಾ ಪ್ರಾಂತ್ಯದ ಹಳೇ ಬೌದ್ಧ ಮಂದಿರವೊಂದರ ಮಾದರಿ. 1966ರಲ್ಲಿ ಅಲ್ಲಿ ಬೀಟಲ್ಸ್ ಹಾಡ್ತಾರೆ ಅಂದಾಗ ದೊಡ್ಡ ರಂಪವಾಯ್ತು. ಯುದ್ಧಕಲೆಯ ಪವಿತ್ರ ಜಾಗದಲ್ಲಿ ಕೂದಲು ಬಿಟ್ಟವರ ಗಿಟಾರೇ ಅಂತ ರಾಷ್ಟ್ರವಾದಿಗಳು ಬೀದಿಗಿಳಿದರು. ಸಾವಿರಾರು ಪೊಲೀಸರ ಕಾವಲಿನಲ್ಲಿ ಮೂರು ದಿನ, ಐದು ಪ್ರದರ್ಶನ ನಡೆಯಿತು. ಗರಡಿ ಬಿದ್ದುಹೋಗಲಿಲ್ಲ. ಇವತ್ತಿಗೂ ಅಲ್ಲಿ ಜೂಡೋ ನಡೆಯುತ್ತೆ, ಆಗಸ್ಟ್ 15ರಂದು ಯುದ್ಧದಲ್ಲಿ ಸತ್ತವರ ಸ್ಮರಣೆಯೂ ನಡೆಯುತ್ತೆ, ರಾಕ್ ಕೂಡ ನಡೆಯುತ್ತೆ. ಜಪಾನಿನ ಯಾವ ಹಾಡುಗಾರನನ್ನ ಕೇಳಿದರೂ ಕನಸು ಒಂದೇ, ಬುಡೋಕಾನ್‌ನಲ್ಲಿ ಒಂದು ಸಲ ಹಾಡಬೇಕು.

ಅಲ್ಲಿ ಚೀಪ್ ಟ್ರಿಕ್‌ನವರ ಹಾಡು ಧ್ವನಿಮುದ್ರಣ ಆಯ್ತು. ಉದ್ದೇಶ ಏನು? ಜಪಾನಿನ ಅಂಗಡಿಗಳಲ್ಲಿ ಮಾತ್ರ ಮಾರೋದು. 1978ರ ಅಕ್ಟೋಬರ್‌ನಲ್ಲಿ ಅಲ್ಲೇ ಬಿಡುಗಡೆಯೂ ಆಯ್ತು. ಆಮೇಲೆ ನೋಡಿ ತಮಾಷೆ. ಅಮೆರಿಕದ ರಸಿಕರು ತಮ್ಮದೇ ಊರಿನ ಹುಡುಗರ ಹಾಡನ್ನು ಜಪಾನಿನಿಂದ ಹಡಗು-ವಿಮಾನದಲ್ಲಿ ತರಿಸಿ, ಹೆಚ್ಚು ದುಡ್ಡು ಕೊಟ್ಟು ಕೊಳ್ಳೋಕೆ ಶುರು ಮಾಡಿದರು. ಕಂಪನಿಗೆ ಆಗ ಎಚ್ಚರ ಆಯ್ತು. 1979ರಲ್ಲಿ ಅಮೆರಿಕದಲ್ಲೂ ಬಿಡುಗಡೆ ಮಾಡಿದರು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಂ 4ನೇ ಸ್ಥಾನಕ್ಕೆ ಹೋಯ್ತು. ಅದರ ಒಂದು ಹಾಡು 7ನೇ ಸ್ಥಾನ. ಅದೇ ಹಾಡು, ರೀ! 1977ರಲ್ಲಿ ಸ್ಟುಡಿಯೋದಲ್ಲಿ ಹಾಡಿ ಬಿಟ್ಟಾಗ ಅದೇ ಅಮೆರಿಕ ಕ್ಯಾರೇ ಅಂದಿರಲಿಲ್ಲ. ಬದಲಾಗಿದ್ದು ಏನು? ತಾಳ ಚುರುಕಾಗಿತ್ತು, ನಿಜ. ಆದರೆ ಈ ರೆಕಾರ್ಡಿನಲ್ಲಿ ಹಾಡುಗಾರನ ಸಾಲಿಗೆ ಸಾಲು ಸೇರಿಸಿ ಕೂಗುವ ಆ ಜಪಾನಿ ಹುಡುಗಿಯರಿದ್ದಾರೆ. ನನ್ನ ಪ್ರಕಾರ ಅಮೆರಿಕ ಮಾರುಹೋಗಿದ್ದು ಅದಕ್ಕೆ. ಯಾರೋ ಇಷ್ಟು ಪ್ರೀತಿಸ್ತಿದ್ದಾರೆ ಅಂದ್ರೆ ಏನೋ ಇರಬೇಕು ಅಂತ.

ಇದು ಮೊದಲ ಸಲವೂ ಅಲ್ಲ. 1972ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಡೀಪ್ ಪರ್ಪಲ್ ಒಸಾಕಾದಲ್ಲಿ ಎರಡು ರಾತ್ರಿ, ಬುಡೋಕಾನ್‌ನಲ್ಲಿ ಒಂದು ರಾತ್ರಿ ಬಾರಿಸಿತು. ರೆಕಾರ್ಡ್ ಮಾಡೋಣ ಅಂತ ಹಟ ಹಿಡಿದಿದ್ದು ಜಪಾನಿನ ಕಂಪನಿ. ತಂಡಕ್ಕೆ ಮನಸ್ಸಿರಲಿಲ್ಲ, ನಮ್ಮ ಎಂಜಿನಿಯರೇ ಮಾಡಬೇಕು ಅಂತ ಷರತ್ತು ಹಾಕಿ ಒಪ್ಪಿಕೊಂಡರು. ಇವತ್ತು ‘ಮೇಡ್ ಇನ್ ಜಪಾನ್’ ಅನ್ನೋ ಆ ಆಲ್ಬಂ ರಾಕ್ ಕೇಳೋರ ಪಾಲಿಗೆ ಪಠ್ಯಪುಸ್ತಕ.

ಇಷ್ಟು ಹೇಳಿ ಜಪಾನಿಗೆ ಚಪ್ಪಾಳೆ ತಟ್ಟಿ ಮುಗಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ.

ಜಪಾನಿನ ಊರೂರಲ್ಲಿ ‘ಲೈವ್ ಹೌಸ್’ ಅಂತ ಸಣ್ಣ ಸಣ್ಣ ಸಂಗೀತದ ಹಾಲ್‌ಗಳಿವೆ. ಹೆಚ್ಚಿನವು ನೆಲಮಾಳಿಗೆಯಲ್ಲಿ. ನೂರು-ಇನ್ನೂರು ಜನ ನಿಂತರೆ ತುಂಬಿಹೋಯ್ತು. ಒಂದೇ ಸಂಜೆ ನಾಲ್ಕೈದು ತಂಡ, ಒಂದೊಂದಕ್ಕೆ ಅರ್ಧ ಗಂಟೆ. ಒಳ್ಳೇ ಸ್ಪೀಕರು, ಒಳ್ಳೇ ಡ್ರಮ್ಸ್, ಸಮಯ ಅಂದ್ರೆ ಸಮಯ. ಎಲ್ಲಾ ಸರಿ. ಹಾಡೋ ಹುಡುಗರಿಗೆ ಎಷ್ಟು ಕೊಡ್ತಾರೆ ಅಂತೀರಾ? ಎಷ್ಟೋ ಕಡೆ ಹುಡುಗರೇ ಕೊಡಬೇಕು!

ಅದಕ್ಕೆ ‘ನೊರುಮಾ’ ಅಂತಾರೆ. ಲೆಕ್ಕ ಹೀಗೆ. ತಂಡವೊಂದಕ್ಕೆ 20 ಟಿಕೆಟ್ ಮಾರಬೇಕು ಅಂತ ಗುರಿ ಕೊಟ್ಟರು, ಟಿಕೆಟ್ಟಿಗೆ 2,000 ಯೆನ್ ಅಂತ ಇಟ್ಕೊಳ್ಳಿ. ಹುಡುಗರು ಎಂಟು ಮಾರಿದರು. ಉಳಿದ ಹನ್ನೆರಡಕ್ಕೆ 24,000 ಯೆನ್ ಅವರ ಜೇಬಿನಿಂದ. ಹಗಲೆಲ್ಲ ಅಂಗಡಿಯಲ್ಲಿ ಬಿಲ್ ಹಾಕಿ ದುಡಿದದ್ದು ಅರ್ಧ ಗಂಟೆಯ ಹಾಡಿಗೆ ಹೋಯ್ತು. ಹಾಲ್‌ನವರ ಮಾತೂ ಸುಳ್ಳಲ್ಲ: ಟೋಕಿಯೋದಲ್ಲಿ ಬಾಡಿಗೆ, ಕರೆಂಟು, ಸೌಂಡ್ ಎಂಜಿನಿಯರ್ ಸಂಬಳ ಯಾರು ಕೊಡ್ತಾರೆ? ಒಪ್ಪೋಣ. ಆದರೆ ಅಪಾಯವೆಲ್ಲ ಕಿರಿಯರ ತಲೆ ಮೇಲೆ ಬಿದ್ದರೆ ಅದನ್ನ ಪ್ರೋತ್ಸಾಹ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ರಾಕ್‌ಫರ್ಡಿನ ಹುಡುಗರಿಗೆ ಬುಡೋಕಾನ್ ತುಂಬಿಸಿದ ದೇಶ, ತನ್ನ ಹುಡುಗರಿಗೆ ನೆಲಮಾಳಿಗೆಗೂ ದುಡ್ಡು ಕೇಳುತ್ತೆ.

ಆ ಲೈವ್ ಹೌಸ್ ಬಾಗಿಲಲ್ಲಿ ಟಿಕೆಟ್ ನೋಡೋರು ಬಂದವರನ್ನ ಕೇಳೋ ಪ್ರಶ್ನೆ ಒಂದಿದೆ. ಇವತ್ತು ಯಾವ ತಂಡವನ್ನ ನೋಡೋಕೆ ಬಂದ್ರಿ ಅಂತ. ನೀವು ಹೆಸರು ಹೇಳ್ತೀರಿ. ಅವರು ಹಾಳೆಯಲ್ಲಿ ಆ ತಂಡದ ಹೆಸರಿನ ಮುಂದೆ ಒಂದು ಗೆರೆ ಎಳೀತಾರೆ. ರಾತ್ರಿ ಎಲ್ಲ ಮುಗಿದ ಮೇಲೆ ಗಿಟಾರ್ ಚೀಲಕ್ಕೆ ಹಾಕಿಕೊಂಡ ಹುಡುಗರನ್ನ ಕೂರಿಸಿ ಆ ಗೆರೆಗಳನ್ನ ಎಣಿಸ್ತಾರೆ.